ಸಹಾಯ ಬೇಕು: ಹಾನ್ ಕಾಲದ ಗಡಿ ಸೈನಿಕರ ಬಗ್ಗೆ ಏನು ಓದಲಿ?

ಎಲ್ಲರಿಗೂ ನಮಸ್ಕಾರ. ಇತಿಹಾಸದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಚೀನಾದ ಹಾನ್ ರಾಜವಂಶದ ಸೈನ್ಯದ ಮೇಲೆ ಸೆಮಿನಾರ್ ಕೊಡಬೇಕು. ಮೊದಲು ಸುಮ್ನೆ ಉತ್ತರದ ಅಲೆಮಾರಿಗಳಾದ ಷಿಯೊಂಗ್ನು ಜನರ ಜೊತೆ ನಡೆದ ಯುದ್ಧಗಳ ಪಟ್ಟಿ ಮಾಡಿಕೊಂಡಿದ್ದೆ. ಈಗ ನೋಡಿದರೆ ಸಂಶೋಧಕರ ಗಮನ ಯುದ್ಧಕ್ಕಿಂತ ಜಾಸ್ತಿ ಸೈನಿಕನ ಊಟ, ಬಟ್ಟೆ, ಧಾನ್ಯ ಸಾಗಣೆಯ ಕಡೆಗಿದೆ. ನನಗೂ ಅದೇ ಇಷ್ಟವಾಯಿತು.

ಇದಕ್ಕೆ ದೊಡ್ಡ ಆಧಾರ ಚೀನಾದ ವಾಯುವ್ಯ ಗಡಿಯ ಜುಯಾನ್‌ನಲ್ಲಿ ಸಿಕ್ಕ, ಸೈನ್ಯದ ಲೆಕ್ಕಪತ್ರ ಬರೆದಿಟ್ಟ ಮರದ ಪಟ್ಟಿಗಳು. 1930ರಲ್ಲಿ ಮರಳುಗಾಡಿನ ಹಳೇ ಕಾವಲು ಗೋಪುರಗಳ ಹತ್ತಿರ ಸುಮಾರು 10,000 ಸಿಕ್ಕವು. 1970ರ ದಶಕದಲ್ಲಿ ಇನ್ನೂ ಸುಮಾರು 20,000. ಒಬ್ಬ ಸೈನಿಕನಿಗೆ ತಿಂಗಳಿಗೆ ಮೂರು ಷಿಗಿಂತ (ಷಿ ಅಂದರೆ ಧಾನ್ಯ ಅಳೆಯುವ ಮಾಪ) ಸ್ವಲ್ಪ ಜಾಸ್ತಿ ಧಾನ್ಯ, ಯಾವ ಅಡ್ಡಬಿಲ್ಲು ಬಿರುಕು ಬಿಟ್ಟಿದೆ, ಎಲ್ಲ ಬರೆದಿಟ್ಟಿದ್ದಾರೆ. ಥೇಟ್ ರೇಷನ್ ಅಂಗಡಿಯ ಪುಸ್ತಕ, ಅಲ್ವಾ?

ನಾನು ಸಿಕ್ಕಿಹಾಕಿಕೊಂಡಿರುವುದೂ ಅಲ್ಲೇ. ದೊಡ್ಡ ಷಿ ಅಂದರೆ ಸುಮಾರು 20 ಲೀಟರ್, ಸಣ್ಣ ಷಿ ಅದರ ಹತ್ತರಲ್ಲಿ ಆರು ಪಾಲು. ಪಟ್ಟಿಯಲ್ಲಿರುವುದು ಯಾವುದು ಅಂತ ಗುರುತಿಸುವುದು ಹೇಗೆ? ಧಾನ್ಯ ಹೊಟ್ಟು ತೆಗೆದದ್ದೋ, ಹಾಗೇ ಇದ್ದದ್ದೋ?

ನನಗೆ ಚೀನೀ ಭಾಷೆ ಬರುವುದಿಲ್ಲ. ಇಂಗ್ಲಿಷ್‌ಗೆ ಅನುವಾದವಾದ ಪಟ್ಟಿಗಳು ಎಲ್ಲಿ ಸಿಗುತ್ತವೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಸೆಮಿನಾರ್ ಇರುವುದು ಮುಂದಿನ ತಿಂಗಳು.