ಎರಡು ಗಿಟಾರ್ ಇದ್ರೂ ರಾಗ ಕೇಳ್ತಿಲ್ಲ: ಮೆಲೋಡಿಕ್ ಹಾರ್ಡ್‌ಕೋರ್, ತಗಡಿನ ಶೆಡ್, ದಾವಣಗೆರೆ

ಬೆಣ್ಣೆದೋಸೆ_ಡಿಸ್ಟಾರ್ಷನ್
ನಮ್ದು ಮೆಲೋಡಿಕ್ ಹಾರ್ಡ್‌ಕೋರ್ ಬ್ಯಾಂಡ್, ಅಂದ್ರೆ ವೇಗದ ಪಂಕ್ ರಾಕ್, ಜೊತೆಗೆ ರಾಗ. ಎರಡು ಗಿಟಾರ್, ಬೇಸ್, ಡ್ರಮ್ಸ್, ಕೂಗೋಕೆ ಒಬ್ಬ. ಹಳೇ ಪಿ.ಬಿ. ರಸ್ತೆ ಕಡೆ 12ಕ್ಕೆ 15 ಅಡಿ ತಗಡಿನ ಶೆಡ್. ಡ್ರಾಪ್ ಡಿ ಟ್ಯೂನಿಂಗ್ (ಅತಿ ದಪ್ಪ ತಂತಿ ಇ ಬದಲು ಡಿಗೆ ಇಳಿಸಿದ್ದು), 190 ಬಿಪಿಎಂ (ನಿಮಿಷಕ್ಕೆ 190 ಎಣಿಕೆ), ಕಾರ್ಡ್‌ಗಳು ಡಿ, ಎ, ಬಿ ಮೈನರ್, ಜಿ. ಇಬ್ಬರೂ ಒಟ್ಟಿಗೆ ಬಾರಿಸಿದ್ರೆ ಹಿಟ್ಟಿನ ಗಿರಣಿ ಸದ್ದು. ಆಂಪ್‌ನ ಗೇನ್ (ಸದ್ದು ಒಡೆಸೋ ಗುಂಡಿ) 8ಕ್ಕೆ ಏರಿಸಿದ್ರೂ ಮೆಲೊಡಿ ಮೇಲೆ ಬರ್ತಿಲ್ಲ. ಹೊಸ ಪೆಡಲ್ ತಗೋಬೇಕಾ?

ಏಳುಸುತ್ತಿನವ
ಪೆಡಲ್‌ಗೆ ದುಡ್ಡು ಸುರಿಬೇಡ್ರಿ. ಇಬ್ಬರೂ ಒಂದೇ ಕೆಲಸ ಮಾಡ್ತಿದ್ದೀರಿ, ತೊಂದರೆ ಅಲ್ಲಿದೆ.

ಪವರ್ ಕಾರ್ಡ್ ಅಂದ್ರೆ ಸ–ಪ–ಸ. ಗಾಂಧಾರವೇ ಇಲ್ಲ, ಹಾಗಾಗಿ ಅದು ಮೇಜರ್ರೂ ಅಲ್ಲ, ಮೈನರ್ರೂ ಅಲ್ಲ. ಡಿಸ್ಟಾರ್ಷನ್ ಜೋರಿದ್ದಾಗ ಅದೇ ಕಾರ್ಡ್‌ಗೆ ಗಾಂಧಾರ ಸೇರಿಸಿದ್ರೆ ಸ್ವರಗಳು ತಿಕ್ಕಾಡಿ ಕೆಸರಾಗುತ್ತೆ. ಆ ಗಾಂಧಾರ ಎರಡನೇ ಗಿಟಾರ್‌ನ ಪಾಲು. ಈ ಸಂಗೀತದಲ್ಲಿ ಕೂಗೋನ ಬಾಯಲ್ಲಿ ರಾಗ ಕಡಿಮೆ ಇರಬಹುದು. ಭಾವ ಹೊರೋದು ಆ ಗಿಟಾರ್.

ಮೊದಲನೆಯವರು ದಪ್ಪ ತಂತಿ ಮೂರಕ್ಕೂ ಒಂದೇ ಬೆರಳು ಅಡ್ಡ ಇಡ್ಲಿ: ಬಿಟ್ಟ ತಂತಿ, 7, 9, 5ನೇ ಫ್ರೆಟ್. ಎರಡನೆಯವರು ಆಕ್ಟೇವ್, ಅಂದ್ರೆ ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಒಟ್ಟಿಗೆ: ಎ ತಂತಿಯಲ್ಲಿ 9, 4, 5, 2, ಜೊತೆಗೆ ಜಿ ತಂತಿಯಲ್ಲಿ 11, 6, 7, 4. ಡಿ ಷಡ್ಜ ಅಂದ್ಕೊಂಡ್ರೆ ಇದು ಗ, ಮಂದ್ರ ನಿ, ಸ, ಮಂದ್ರ ದ. ಆಯಾ ಕಾರ್ಡ್‌ನ ಮೂಲ ಸ್ವರವನ್ನೇ ಸ ಅಂದ್ಕೊಂಡ್ರೆ ನಾಲ್ಕೂ ಅದರದರ ಗಾಂಧಾರಗಳೇ. ನಡುವಿನ ಡಿ ತಂತಿಯನ್ನು ತೋರುಬೆರಳಿನ ಹೊಟ್ಟೆಯಿಂದ ಮುಟ್ಟಿ ಮೂಕ ಮಾಡಬೇಕು, ತುದಿಯಿಂದ ದಪ್ಪ ತಂತಿಯನ್ನ. ಇದು ತಪ್ಪಿದ್ರೆ ಪ್ರತಿ ಹೊಡೆತಕ್ಕೂ ಬೇಡದ ಡಿ ಗುಂಯ್‌ಗುಡುತ್ತೆ.

ವರ್ಸ್‌ಗೆ ಕಾರ್ಡ್ ಸಾಲನ್ನ ಬಿ ಮೈನರ್‌ನಿಂದ ಶುರುಮಾಡಿ. ಶಂಕರಾಭರಣದ ಅದೇ ಸ್ವರಗಳು ಧೈವತದಿಂದ ಹಿಡಿದಾಗ ನಟಭೈರವಿ. ಕೋರಸ್‌ನಲ್ಲಿ ಡಿಗೆ ಬಂದಾಗ ಕಿಟಕಿ ತೆಗೆದ ಹಾಗಿರುತ್ತೆ.

ಕೇಳೋದಾದ್ರೆ ವಾಷಿಂಗ್ಟನ್‌ನ ಡ್ಯಾಗ್ ನ್ಯಾಸ್ಟಿ ಬ್ಯಾಂಡ್‌ನವರ 1986ರ ಆಲ್ಬಂ ‘ಕ್ಯಾನ್ ಐ ಸೇ’. ಮೈನರ್ ಥ್ರೆಟ್ ಬ್ಯಾಂಡ್‌ನಲ್ಲಿದ್ದ ಬ್ರಯಾನ್ ಬೇಕರ್ ಗಿಟಾರ್. ಹಿಮ್ಮೇಳದ ದನಿಗಳಿಗೆ ಬ್ಯಾಡ್ ರಿಲಿಜನ್‌ನ 1988ರ ‘ಸಫರ್’.

ಗಾದಿ_ಸೌಂಡ್
ಮೇಲಿನದ್ದು ಸರಿ, ಆದ್ರೆ ಗೇನ್ 8 ಇಟ್ಟು ಅದನ್ನೆಲ್ಲ ನುಡಿಸಿ ಉಪಯೋಗವಿಲ್ಲ. ಕಾರ್ಡ್ ಗಿಟಾರ್‌ಗೆ ಗೇನ್ 5, ಆಕ್ಟೇವ್‌ನವರಿಗೆ 4. ಬೇಸ್ ಗುಂಡಿ 3, ಮಿಡ್ 7. ಮನೇಲಿ ಒಬ್ಬರೇ ನುಡಿಸುವಾಗ ಮಿಡ್ ಇಳಿಸಿದ್ರೆ ಸದ್ದು ದೊಡ್ಡದಾಗಿ ಕಾಣುತ್ತೆ, ಬ್ಯಾಂಡ್ ಜೊತೆ ಅದೇ ಗಿಟಾರ್ ಮಾಯ. ತಳದ ಸದ್ದು ಬೇಸ್ ಗಿಟಾರ್‌ನವರಿಗೆ ಬಿಡಿ. ಆಂಪ್ ನೆಲದ ಮೇಲಿದ್ರೆ ನಿಮ್ಮ ಮೊಣಕಾಲಿಗೆ ಮಾತ್ರ ಕೇಳುತ್ತೆ, ಕುರ್ಚಿ ಮೇಲಿಡಿ.

ತಗಡಿಗೆ ಮೊಟ್ಟೆ ಟ್ರೇ ಅಂಟಿಸೋದು ದಂಡ. ಹಳೇ ಹತ್ತಿ ಗಾದಿ ನಾಲ್ಕೈದು ತಂದು, ಗೋಡೆಯಿಂದ 4 ಇಂಚು ಬಿಟ್ಟು ತೂಗುಹಾಕಿ. ಆ ಸಂದಿನಿಂದ ಇನ್ನೂ ಕೆಳಗಿನ ಸದ್ದನ್ನೂ ಹೀರುತ್ತೆ. ಡ್ರಮ್ಸ್ ಹಿಂದೆ ಎರಡು ಕಡ್ಡಾಯ.

ತಂತಿ 9ರ ತೆಳು ಸೆಟ್ ಆಗಿದ್ರೆ ಡ್ರಾಪ್ ಡಿಯಲ್ಲಿ ದಪ್ಪ ತಂತಿ ಸಡಿಲ, ಜೋರಾಗಿ ಹೊಡೆದ ಕ್ಷಣ ಶ್ರುತಿ ಮೇಲೆ ಹೋಗುತ್ತೆ. ಇನ್ನೂ ದಪ್ಪನೆಯ 10–52 ಸೆಟ್ ಹಾಕಿ. ಹಾಕಿದ ಮೇಲೆ 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ, ಅಲ್ಲಿನ ಹಾರ್ಮೋನಿಕ್ (ಒತ್ತದೆ ಬರೀ ಮುಟ್ಟಿ ನುಡಿಸಿದ್ದು) ಎರಡೂ ಟ್ಯೂನರ್‌ನಲ್ಲಿ ನೋಡಿ. ಒತ್ತಿದ್ದು ಮೇಲಿದ್ರೆ ಸ್ಯಾಡಲ್ (ಬ್ರಿಡ್ಜ್‌ನಲ್ಲಿ ತಂತಿ ಕೂರೋ ತುಂಡು) ಹಿಂದಕ್ಕೆ. ಆಕ್ಟೇವ್ ಈ ತಪ್ಪನ್ನ ಮುಚ್ಚಿಡೋಲ್ಲ. ಏಪ್ರಿಲ್ ಬಿಸಿಲಿಗೆ ತಗಡು ಕಾದಾಗ ತಂತಿ ಹಿಗ್ಗಿ ಶ್ರುತಿ ಇಳಿಯುತ್ತೆ, ಎರಡೆರಡು ಹಾಡಿಗೊಮ್ಮೆ ನೋಡ್ಕೊಳ್ಳಿ.

ಬೆಣ್ಣೆದೋಸೆ_ಡಿಸ್ಟಾರ್ಷನ್
ಗೇನ್ 5ಕ್ಕೇ ಅರ್ಧ ಬಿಡಿಸ್ತು, ಥ್ಯಾಂಕ್ಸ್ ಅಣ್ಣ. ಇನ್ನೊಂದು: ಕನ್ನಡ ಸಾಲು 190ರಲ್ಲಿ ಕೂರ್ತಿಲ್ಲ.

ಏಳುಸುತ್ತಿನವ
ಪುಸ್ತಕದ ಕನ್ನಡ ಬಿಡಿ. ‘ಹೋಗುತ್ತಿದ್ದೇನೆ’ ಐದು ಅಕ್ಷರ, ನಮ್ಮೂರ ‘ಹೊಂಟೀನಿ’ ಮೂರೇ. ಒತ್ತಕ್ಷರದ ಜಾಗ ಸ್ನೇರ್ ಡ್ರಮ್ ಹೊಡೆತಕ್ಕೆ, ಅಂದ್ರೆ 2 ಮತ್ತು 4ನೇ ಎಣಿಕೆಗೆ ಬೀಳ್ಲಿ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯೋದ್ರಿಂದ ಕೊನೆ ಅಕ್ಷರ ಎಲ್ಲರೂ ಸೇರಿ ಎಳೆದು ಕೂಗೋಕೆ ಚಂದ, ಆದ್ರೆ ವರ್ಸ್‌ನಲ್ಲಿ ಹಾಗೆ ಎಳೆದ್ರೆ ಮುಂದಿನ ಸಾಲಿಗೆ ಉಸಿರು ಸಿಗೋಲ್ಲ. ಅಲ್ಲಿ ಕತ್ತರಿಸಿ. ಬ್ರೇಕ್‌ಡೌನ್‌ನಲ್ಲಿ (ನಿಧಾನ ಅನಿಸೋ ಭಾರದ ಭಾಗ) ಸ್ನೇರ್ 3ಕ್ಕೆ ಮಾತ್ರ. ಎಣಿಕೆ 190ರಲ್ಲೇ ಇರ್ಲಿ, ಡ್ರಮ್ಮರ್ ನಿಧಾನ ಆಗೋಕೆ ಬಿಡಬೇಡಿ.