2005ರ ಬೋರ್ಡೋ (ಫ್ರಾನ್ಸಿನ ಕೆಂಪು ವೈನ್) ಬಾಟಲಿ ಈಗ ತೆಗೆಯಬಹುದಾ? ಅನುಭವ ಇದ್ದವರು ಹೇಳಿ

ಲಿಯೋನ್ ಮನೆ: ನಮ್ಮವರ ಆಫೀಸಿನ ಹಿರಿಯರೊಬ್ಬರು ಬೋರ್ಡೋದ ಸ್ಯಾಂ-ಜುಲಿಯಾಂ ಅನ್ನೋ ಊರಿನ 2005ರ ಬಾಟಲಿ ಕೊಟ್ಟಿದ್ದಾರೆ. ಶನಿವಾರಕ್ಕೆ ನಮ್ಮ ಮದುವೆಯಾಗಿ 10 ವರ್ಷ. ಈಗ ತೆಗೆಯೋದಾ, ಇನ್ನೂ ಇಡೋದಾ? ಕುಡಿಯೋ ಮುಂಚೆ ಡಿಕ್ಯಾಂಟರ್‌ಗೆ, ಅಂದರೆ ಗಾಜಿನ ಹೂಜಿಗೆ, ಹಾಕಬೇಕಾ?

ಟುಲೂಸ್ ಕನ್ನಡಿಗ: ನಾನು 2009ರಲ್ಲಿ 2005ರ ಪೋಯಾಕ್, ಅದೂ ಬೋರ್ಡೋದ್ದೇ, ಮೂರು ಬಾಟಲಿ ತಗೊಂಡೆ. ಒಂದಕ್ಕೆ 68 ಯುರೋ, ಒಟ್ಟು 204. ಅದಕ್ಕಾಗಿ ಊರಿಗೆ ಹೋಗೋದನ್ನು ಎರಡು ತಿಂಗಳು ಮುಂದಕ್ಕೆ ಹಾಕಿದ್ದೆ. ಮೊದಲನೆಯದನ್ನು 2012ರಲ್ಲಿ ತೆಗೆದೆ. ಹಸಿ ಅಡಿಕೆ ಜಗಿದ ಹಾಗೆ ಬರೀ ಒಗರು. ಎರಡನೆಯದು 2018ರಲ್ಲಿ. ಮೂಗಿಗೆ ಹಿಡಿದರೆ ನೆಂದ ರಟ್ಟಿನ ವಾಸನೆ, ಕಾರ್ಕ್ ಕೆಟ್ಟಿತ್ತು. ಗಾಳಿಗಿಟ್ಟರೆ ಹೋಗುತ್ತೆ ಅಂತ ಎರಡು ಗಂಟೆ ಕಾದೆ, ಇನ್ನೂ ಜಾಸ್ತಿಯಾಯಿತು. ಅಂಗಡಿಯವರು ಬಿಲ್ ಹಳೆಯದು ಅಂದುಬಿಟ್ಟರು. ಮೂರನೆಯದು 2023ರಲ್ಲಿ. ಗಸಿ ತಳಕ್ಕಿಳಿಯಲಿ ಅಂತ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿದ್ದೆ. ಬಾಟಲಿ ಕತ್ತಿನ ಹಿಂದೆ ಮೇಣದಬತ್ತಿ ಹಚ್ಚಿ ನಿಧಾನಕ್ಕೆ ಬಗ್ಗಿಸಿದೆ. ಗಸಿಯ ಗೆರೆ ಕಂಡ ಕೂಡಲೇ ನಿಲ್ಲಿಸಿದೆ. ಬಿಳಿ ಬಟ್ಟೆ ಮೇಲೆ ಲೋಟ ಓರೆ ಮಾಡಿದರೆ ಅಂಚೆಲ್ಲ ಇಟ್ಟಿಗೆ ಬಣ್ಣ. ಆಗಷ್ಟೇ ಹೆರೆದ ಪೆನ್ಸಿಲ್, ಹೊಗೆಸೊಪ್ಪು, ಒದ್ದೆ ಮಣ್ಣು. ನುಂಗಿದ ಮೇಲೂ ಅರ್ಧ ನಿಮಿಷ ಬಾಯಲ್ಲೇ ಇತ್ತು. ಮನೆಯವಳು ಏನೂ ಮಾತಾಡಲಿಲ್ಲ, ಲೋಟ ಮತ್ತೆ ಮುಂದೆ ಹಿಡಿದಳು.

ಬೋನ್ ಬೀದಿ: ಡಿಕ್ಯಾಂಟರ್ ಸಹವಾಸವೇ ಬೇಡ ಮೇಡಂ. ನನ್ನದು ಫ್ರಾನ್ಸಿನದ್ದೇ ಬರ್ಗಂಡಿ ಸೀಮೆಯ 1990ರ ವೈನ್, 130 ಯುರೋ. ಅಪ್ಪ ಮೊದಲ ಸಲ ಫ್ರಾನ್ಸಿಗೆ ಬಂದಿದ್ದರು, ಅವರಿಗೆ ಅಂತಲೇ ಎತ್ತಿಟ್ಟಿದ್ದೆ. ಡಿಕ್ಯಾಂಟರ್‌ಗೆ ಹಾಕಿದ ಐದು ನಿಮಿಷ ಗುಲಾಬಿ ಘಮ. ಮೂರು ಗಂಟೆ ಬಿಟ್ಟು ಊಟಕ್ಕೆ ಕೂತಾಗ ಹುಳಿ ನೀರು. ಅಪ್ಪ ಚೆನ್ನಾಗಿದೆ ಅಂದರು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಟುಲೂಸ್ ಕನ್ನಡಿಗ: ನಿಮ್ಮದು ಪಿನೋ ನ್ವಾರ್, ತೆಳು ಸಿಪ್ಪೆಯ ದ್ರಾಕ್ಷಿ. ಮೇಡಂ ಬಾಟಲಿಯಲ್ಲಿ ದಪ್ಪ ಸಿಪ್ಪೆಯ ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿ ಜಾಸ್ತಿ. ಸುಮ್ನೆ ಹೆದರಿಸಬೇಡಿ.

ಬೋನ್ ಬೀದಿ: ಮೂರರಲ್ಲಿ ಎರಡು ಕಳಕೊಂಡವರು ನನಗೆ ದ್ರಾಕ್ಷಿ ಪಾಠ ಹೇಳಬೇಡಿ.

ಜಯನಗರ: ಇಬ್ಬರೂ ಬಿಡಿ. ಎಲ್ಲಿಟ್ಟಿದ್ದರು ಅನ್ನೋದೇ ಮುಖ್ಯ. ಪ್ಯಾರಿಸ್‌ನಿಂದ ಬರುವಾಗ ಕಸ್ಟಮ್ಸ್‌ನ ಎರಡು ಲೀಟರ್ ಮಿತಿಯೊಳಗೆ ಎರಡು ಬಾಟಲಿ ಮಾರ್ಗೋ, ಅದೂ ಬೋರ್ಡೋ ವೈನೇ, ತಂದೆ. ಅಡುಗೆಮನೆ ಅಟ್ಟದಲ್ಲಿ ನೆಟ್ಟಗೆ ನಿಲ್ಲಿಸಿದ್ದೆ. ಎರಡೇ ಬೇಸಿಗೆ. ಕಾರ್ಕ್ ಒಣಗಿ ಪುಡಿಯಾಯಿತು, ವೈನ್ ಬೇಯಿಸಿದ ಒಣದ್ರಾಕ್ಷಿ ಹಾಗಾಯಿತು. ಆಮೇಲೆ ವೈನ್ ಫ್ರಿಜ್‌ಗೆ 32,000 ರೂಪಾಯಿ, ಕರೆಂಟ್ ಹೋಗುತ್ತಲ್ಲ ಅಂತ ಯುಪಿಎಸ್‌ಗೆ 9,500. ಈಗ 13 ಡಿಗ್ರಿಯಲ್ಲಿ ಎಲ್ಲವೂ ಮಲಗಿವೆ.

ಬೋನ್ ಬೀದಿ: ಬೋರ್ಡೋದವರಿಗೆ ಹೆಸರಿನ ಹುಚ್ಚು. ಅಲ್ಲಿನ ವೈನ್‌ಗಳನ್ನು ಐದು ದರ್ಜೆ ಮಾಡಿದ 1855ರ ಪಟ್ಟಿ ಆಗಿನ ಮಾರಾಟದ ಬೆಲೆ ನೋಡಿ ಮಾಡಿದ್ದು. 1973ರಲ್ಲಿ ಮೂತೋನ್ ಅನ್ನೋ ತೋಟದ ವೈನ್ ಎರಡನೇ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದು ಬಿಟ್ಟರೆ ಏನೂ ಬದಲಾಗಿಲ್ಲ.

ಟುಲೂಸ್ ಕನ್ನಡಿಗ: ಪಟ್ಟಿ ಮಾಡಿದ ಮೇಲೆ ಕಾಂತ್‌ಮೆರ್ಲ್ ಅನ್ನೋ ತೋಟ ಸೇರಿಸಿದ್ದು ಮರೆತಿರಾ? ನನ್ನ ಪೋಯಾಕ್ ಅದೇ ಪಟ್ಟಿಯ ಐದನೇ ದರ್ಜೆಯದು. 14 ವರ್ಷ ಕಾದು ಕುಡಿದಿದ್ದೇನೆ, ಹೆಸರಿಗೆ ಅಲ್ಲ.