ವಿಎಂ ಹೋಯಿತು, ಅದರ ಡೇಟಾ ಡಿಸ್ಕ್ ಮಾತ್ರ ಹೋಗುತ್ತಿಲ್ಲ: "ಯೂಸ್ಡ್ ಬೈ ಅನದರ್ ಡಿವೈಸ್" ಎರರ್

ರೂಟ್‌ಪ್ರಾಂಪ್ಟ್:

ಎಲ್ಲರಿಗೂ ನಮಸ್ಕಾರ. ಪ್ರಾಕ್ಸ್‌ಮಾಕ್ಸ್ (ವರ್ಚುವಲ್ ಮೆಷಿನ್‌ಗಳನ್ನು ಓಡಿಸುವ ವ್ಯವಸ್ಥೆ) ಹೋಸ್ಟ್ ಒಂದರಲ್ಲಿ ಕೆಲಸ ಮುಗಿದಿದ್ದ ಒಂದು ವಿಎಂ, ಅಂದರೆ ವರ್ಚುವಲ್ ಮೆಷಿನ್, ತೆಗೆಯಬೇಕಿತ್ತು. ನಂಬರ್ 105. ಅದಕ್ಕೆ ಎರಡು ಡಿಸ್ಕ್. ಡಿಸ್ಕ್-0ರಲ್ಲಿ ಓಎಸ್, ಡಿಸ್ಕ್-1ರಲ್ಲಿ ಡೇಟಾಬೇಸ್. ಎರಡೂ ಒಂದೇ ಎಲ್‌ವಿಎಂ (ಡಿಸ್ಕ್ ಜಾಗವನ್ನು ಲಾಜಿಕಲ್ ವಾಲ್ಯೂಮ್‌ಗಳಾಗಿ ಹಂಚುವ ಲಿನಕ್ಸ್ ವ್ಯವಸ್ಥೆ) ಸ್ಟೋರೇಜ್ ಮೇಲಿವೆ. ಥಿನ್ (ಬಳಸಿದಷ್ಟೇ ಜಾಗ ಹಿಡಿಯುವ ಬಗೆ) ಅಲ್ಲ, ಮಾಮೂಲಿ ಎಲ್‌ವಿಎಂ. ವಾಲ್ಯೂಮ್ ಗ್ರೂಪ್ (ವಿಜಿ) ಹೆಸರು "ಸ್ಟೋರ್".

ವಿಎಂ ನಿಲ್ಲಿಸಿ ರಿಮೂವ್ ಕೊಟ್ಟೆ. ಡಿಸ್ಕ್-0 ತಕ್ಷಣ ಹೋಯಿತು. ಡಿಸ್ಕ್-1 ಹೋಗಲಿಲ್ಲ. ಟಾಸ್ಕ್ ಲಾಗ್‌ನಲ್ಲಿ ಇದ್ದದ್ದು ಇದು:

ಕುಡ್ ನಾಟ್ ರಿಮೂವ್ ಡಿಸ್ಕ್ 'ಸ್ಟೋರ್:ವಿಎಂ-105-ಡಿಸ್ಕ್-1', ಚೆಕ್ ಮ್ಯಾನ್ಯುಅಲಿ: ಲಾಜಿಕಲ್ ವಾಲ್ಯೂಮ್ ಸ್ಟೋರ್/ವಿಎಂ-105-ಡಿಸ್ಕ್-1 ಈಸ್ ಯೂಸ್ಡ್ ಬೈ ಅನದರ್ ಡಿವೈಸ್.

ವಿಎಂ ಕಾನ್ಫಿಗ್ ಅಳಿಸಿ ಹೋಗಿದೆ, ಡಿಸ್ಕ್ ಮಾತ್ರ ಅನಾಥವಾಗಿ ಉಳಿದಿದೆ. ಸ್ಟೋರೇಜ್ ಪುಟಕ್ಕೆ ಹೋಗಿ ಅಳಿಸಿದರೂ ಇದೇ ಎರರ್. ಕಮಾಂಡ್ ಲೈನ್‌ನಲ್ಲಿ ಎಲ್‌ವಿರಿಮೂವ್ ಕೊಟ್ಟರೂ ಇದೇ.

ನೋಡಿದ್ದು ಏನೇನು ಅಂದರೆ: ಯಾವ ಪ್ರೋಸೆಸ್ ಡಿವೈಸ್ ತೆರೆದಿದೆ ಅಂತ ತೋರಿಸುವ ಎಫ್‌ಯೂಸರ್ ಖಾಲಿ, ಎಲ್‌ಎಸ್‌ಒಎಫ್ ಖಾಲಿ. ಪಿಎಸ್ ಕೊಡುವ ಪ್ರೋಸೆಸ್ ಪಟ್ಟಿಯಲ್ಲಿ 105 ಅನ್ನು ಓಡಿಸುವ ಕೆವಿಎಂ ಪ್ರೋಸೆಸ್ ಇಲ್ಲ. ಮೌಂಟ್ ಪಟ್ಟಿಯಲ್ಲೂ ಇಲ್ಲ. ಬ್ಯಾಕಪ್ ಯಾವುದೂ ಓಡುತ್ತಿಲ್ಲ. ಮೆಂಟೆನೆನ್ಸ್ ಸಮಯದಲ್ಲಿ ಹೋಸ್ಟ್ ರೀಬೂಟ್ ಕೂಡ ಮಾಡಿಯಾಯಿತು, ಎದ್ದ ಮೇಲೆ ಮತ್ತೆ ಅದೇ ಕಥೆ. ಯಾರೂ ಬಳಸದ ಡಿಸ್ಕನ್ನು "ಬಳಸುತ್ತಿದ್ದಾರೆ" ಅಂತ ಯಾಕೆ ಹೇಳುತ್ತದೆ? ಈ ಹೋಸ್ಟ್ ಮೇಲೆ ಬೇರೆ ವಿಎಂಗಳು ಓಡುತ್ತಿವೆ. ಹಾಗಾಗಿ ಹುಚ್ಚು ಸಾಹಸ ಬೇಡ.

ಬಿಟ್‌ಬೀರ:

ಎಲ್‌ವಿರಿಮೂವ್‌ಗೆ -ಎಫ್ ಹಾಕಿ ನೋಡಿ. ಆಗದಿದ್ದರೆ ಡಿವೈಸ್ ಮ್ಯಾಪರ್ (ಎಲ್‌ವಿಎಂ ಕೆಳಗಿರುವ ಕರ್ನಲ್ ಪದರ) ಕಮಾಂಡ್ ಡಿಎಂಸೆಟಪ್ ರಿಮೂವ್ --ಫೋರ್ಸ್. ನಾನಂತೂ ಹಾಗೇ ಮಾಡ್ತೀನಿ.

ಹಳೇರ್‍ಯಾಕ್:

ಬಿಟ್‌ಬೀರ ಅವರೇ, ಸ್ವಲ್ಪ ತಡೆಯಿರಿ. ಎಲ್‌ವಿರಿಮೂವ್‌ನ -ಎಫ್ ಮಾಡುವ ಕೆಲಸ "ನಿಜವಾಗಲೂ ಅಳಿಸಲಾ?" ಅನ್ನುವ ಪ್ರಶ್ನೆಯನ್ನು ನುಂಗಿಕೊಳ್ಳುವುದು. ಬಳಕೆಯಲ್ಲಿರುವ ವಾಲ್ಯೂಮನ್ನು ಅದು ಬಿಡಿಸಿಕೊಡುವುದಿಲ್ಲ. ಡಿಎಂಸೆಟಪ್‌ನ --ಫೋರ್ಸ್ ಇನ್ನೂ ಅಪಾಯದ್ದು. ಡಿವೈಸ್ ತೆಗೆಯಲು ಆಗದಿದ್ದರೆ ಅದರ ಟೇಬಲ್ (ಯಾವ ಬ್ಲಾಕ್ ಎಲ್ಲಿದೆ ಅನ್ನುವ ನಕ್ಷೆ) ಕಿತ್ತು, ಎಲ್ಲ ರೀಡ್, ರೈಟ್‌ಗೂ ಎರರ್ ಕೊಡುವ ಟೇಬಲ್ ಕೂರಿಸುತ್ತದೆ. ಡಿವೈಸ್ ನಂಬರ್ ಒಂದು ಹೆಚ್ಚುಕಮ್ಮಿ ಟೈಪ್ ಆದರೆ ಓಡುತ್ತಿರುವ ವಿಎಂ ಒಂದರ ಡಿಸ್ಕ್ ಕಾಲಡಿಯಿಂದ ಮಾಯ.

ರೂಟ್‌ಪ್ರಾಂಪ್ಟ್, ನಿಮ್ಮ ಎರರ್ ಸಾಲಿನಲ್ಲೇ ಅರ್ಧ ಉತ್ತರ ಇದೆ. ಎಲ್‌ವಿಎಂ ಇಂಥ ಹೊತ್ತಲ್ಲಿ ಮೂರು ಬೇರೆ ಬೇರೆ ಮಾತು ಹೇಳುತ್ತದೆ. ಜನ ಮೂರನ್ನೂ ಒಂದೇ ಅಂತ ಓದಿಬಿಡುತ್ತಾರೆ.

"ಕಂಟೇನ್ಸ್ ಎ ಫೈಲ್‌ಸಿಸ್ಟಮ್ ಇನ್ ಯೂಸ್" ಅಂದರೆ ಅದರ ಮೇಲಿನ ಫೈಲ್‌ಸಿಸ್ಟಮ್ ಎಲ್ಲೋ ಮೌಂಟ್ ಆಗಿದೆ. ಬರೀ "ಇನ್ ಯೂಸ್" ಅಂದರೆ ಯಾವುದೋ ಪ್ರೋಸೆಸ್ ಡಿವೈಸನ್ನು ತೆರೆದು ಕೂತಿದೆ. ಕ್ಯೂಇಎಂಯು (ವಿಎಂ ಓಡಿಸುವ ಪ್ರೋಗ್ರಾಮ್) ಇರಬಹುದು, ಬ್ಯಾಕಪ್ ಇರಬಹುದು. ಇಲ್ಲಿ ಎಫ್‌ಯೂಸರ್ ಕೆಲಸಕ್ಕೆ ಬರುತ್ತದೆ. ನಿಮಗೆ ಬಂದಿರುವುದು ಮೂರನೆಯದು, "ಯೂಸ್ಡ್ ಬೈ ಅನದರ್ ಡಿವೈಸ್". ಇದರ ಮೇಲೆ ಇನ್ನೊಂದು ಬ್ಲಾಕ್ ಡಿವೈಸ್ ಕೂತಿದೆ ಅಂತ. ಹಿಡಿದುಕೊಂಡಿರುವುದು ಕರ್ನಲ್, ಪ್ರೋಸೆಸ್ ಅಲ್ಲ. ಅದಕ್ಕೇ ಎಫ್‌ಯೂಸರ್‌ನಲ್ಲೂ ಎಲ್‌ಎಸ್‌ಒಎಫ್‌ನಲ್ಲೂ ಏನೂ ಸಿಗಲಿಲ್ಲ. ಅವು ಹುಡುಕುವ ಜಾಗವೇ ಬೇರೆ.

ಡಿಸ್ಕ್-0 ಹೋಗಿ ಡಿಸ್ಕ್-1 ಉಳಿದದ್ದು ನನಗೆ ತುಂಬಾ ಇಷ್ಟವಾದ ಸುಳಿವು. ನನ್ನ ಊಹೆ ಹೇಳ್ತೀನಿ. ವಿಎಂ ಒಳಗೆ ಡೇಟಾ ಡಿಸ್ಕಿಗೆ ಯಾರೂ ಪಾರ್ಟಿಷನ್ ಮಾಡಿರಲಿಲ್ಲ. ಇಡೀ ಡಿಸ್ಕಿಗೇ ನೇರವಾಗಿ ಪಿವಿಕ್ರಿಯೇಟ್ ಕೊಟ್ಟು ಎಲ್‌ವಿಎಂನ ಪಿವಿ (ಫಿಸಿಕಲ್ ವಾಲ್ಯೂಮ್) ಮಾಡಿ, ಅದರ ಮೇಲೆ ಗೆಸ್ಟ್‌ನದೇ (ವಿಎಂ ಒಳಗಿನ ಓಎಸ್‌ನದೇ) ಒಂದು ವಾಲ್ಯೂಮ್ ಗ್ರೂಪ್ ಕಟ್ಟಿದ್ದರು. ಹೋಸ್ಟ್ ಕಡೆಯಿಂದ ನೋಡಿದರೆ ಆ ಡಿಸ್ಕ್ ಒಂದು ಎಲ್‌ವಿ (ಲಾಜಿಕಲ್ ವಾಲ್ಯೂಮ್). ಅದರ ಮೊದಲ ಸೆಕ್ಟರ್‌ಗಳಲ್ಲೇ ಎಲ್‌ವಿಎಂ ಗುರುತು ಕಾಣುತ್ತದೆ. ಹೋಸ್ಟ್‌ನ ಎಲ್‌ವಿಎಂ "ಓ, ನಮ್ಮದೇ ಪಿವಿ" ಅಂದುಕೊಂಡು ಗೆಸ್ಟ್‌ನ ವಾಲ್ಯೂಮ್‌ಗಳನ್ನು ತಾನೇ ಆ್ಯಕ್ಟಿವೇಟ್ ಮಾಡಿದೆ. ಬೂಟ್ ಆಗುವಾಗ ಆಟೋ ಆ್ಯಕ್ಟಿವೇಷನ್ ನಡೆಯುವುದರಿಂದ ರೀಬೂಟ್ ಮಾಡಿದರೂ ಪ್ರಯೋಜನವಿಲ್ಲ. ಓಎಸ್ ಡಿಸ್ಕಿನಲ್ಲಿ ಪಾರ್ಟಿಷನ್ ಟೇಬಲ್ ಇತ್ತು. ಡಿವೈಸ್ ಮ್ಯಾಪರ್ ಡಿವೈಸಿನ ಒಳಗಿನ ಪಾರ್ಟಿಷನ್‌ಗಳನ್ನು ಕರ್ನಲ್ ತಾನಾಗಿ ತೆರೆಯುವುದಿಲ್ಲ, ಕೆಪಾರ್ಟ್‌ಎಕ್ಸ್ ಯಾರಾದರೂ ಓಡಿಸಬೇಕು. ಹಾಗಾಗಿ ಅದು ಬಚಾವ್.

ಊಹೆ ಸರಿಯೋ ಅಂತ ನೋಡಲು ಈ ಮೂರರ ಔಟ್‌ಪುಟ್ ಹಾಕಿ. ಮೂರೂ ಸುಮ್ನೆ ಓದುವ ಕಮಾಂಡ್‌ಗಳು, ಏನನ್ನೂ ಬದಲಿಸುವುದಿಲ್ಲ. ಕೊನೆಯದು ಎಲ್‌ವಿಗಳ ಒಳಗೂ ಪಿವಿ ಹುಡುಕಬೇಕೇ ಅನ್ನುವ ಸೆಟ್ಟಿಂಗ್ ತೋರಿಸುತ್ತದೆ, 1 ಅಂದರೆ ಹೌದು.

ಡಿಎಂಸೆಟಪ್ ಎಲ್‌ಎಸ್ --ಟ್ರೀ
ವಿಜಿಎಸ್
ಎಲ್‌ವಿಎಂಕಾನ್ಫಿಗ್ ಡಿವೈಸಸ್/ಸ್ಕ್ಯಾನ್_ಎಲ್‌ವಿಎಸ್

ಟ್ರೀ ಓದುವಾಗ ಹೆಸರುಗಳಲ್ಲಿ ಎರಡೆರಡು ಹೈಫನ್ ಕಂಡರೆ ಗಾಬರಿಯಾಗಬೇಡಿ. ಡಿವೈಸ್ ಮ್ಯಾಪರ್ ಒಂಟಿ ಹೈಫನ್ನನ್ನು ವಿಜಿ ಮತ್ತು ಎಲ್‌ವಿ ಹೆಸರು ಬೇರ್ಪಡಿಸಲು ಇಟ್ಟುಕೊಂಡಿದೆ. ಅದಕ್ಕೆ ಹೆಸರಿನೊಳಗಿನ ಹೈಫನ್ ಜೋಡಿಯಾಗುತ್ತದೆ.

ರೂಟ್‌ಪ್ರಾಂಪ್ಟ್:

ಸರ್, ನೀವು ಇಲ್ಲೇ ಕೂತು ನೋಡಿದ ಹಾಗೆ ಹೇಳಿದ್ರಿ. ಟ್ರೀಯಲ್ಲಿ ಬೇಕಾದ ಭಾಗ ಇದು:

ಆ್ಯಪ್‌ವಿಜಿ-ಪಿಜಿಡೇಟಾ (253:9)
 └─ ಸ್ಟೋರ್-ವಿಎಂ--105--ಡಿಸ್ಕ್--1 (253:7)
   └─ (8:16)

ವಿಜಿಎಸ್ ಕೊಟ್ಟರೆ "ಸ್ಟೋರ್", "ಪಿವಿಇ" ಜೊತೆಗೆ "ಆ್ಯಪ್‌ವಿಜಿ" ಅಂತ ಒಂದು ಇದೆ. ಇದನ್ನು ಮೊದಲೂ ನೋಡಿದ್ದೆ, ನಮ್ಮ ಹಿಂದಿನ ಅಡ್ಮಿನ್ ಏನೋ ಮಾಡಿಟ್ಟಿದ್ದಾರೆ ಅಂತ ಬಿಟ್ಟಿದ್ದೆ. ಸ್ಕ್ಯಾನ್_ಎಲ್‌ವಿಎಸ್ ಬೆಲೆ 1 ಅಂತ ಬರುತ್ತಿದೆ. ಎಲ್‌ವಿಎಂ.ಕಾನ್ಫ್ ತೆರೆದರೆ ಆ ಸಾಲಿನ ಪಕ್ಕ "ಫೈಲ್ ರಿಕವರಿಗಾಗಿ" ಅಂತ ಅವರದೇ ಕಾಮೆಂಟ್.

ಈಗ ವಿಜಿರಿಮೂವ್ ಆ್ಯಪ್‌ವಿಜಿ ಕೊಟ್ಟು, ಆಮೇಲೆ ಡಿಸ್ಕ್ ಅಳಿಸಿದರೆ ಆಯಿತು ಅಲ್ವಾ? ಇನ್ನೊಂದು ವಿಷಯ. 105 ಒಂದು ಟೆಂಪ್ಲೇಟ್‌ನಿಂದ ಕ್ಲೋನ್ ಆದದ್ದು. ಅದೇ ಟೆಂಪ್ಲೇಟ್‌ನ 108 ಇನ್ನೂ ಓಡುತ್ತಿದೆ. ಅದರ ಡಿಸ್ಕ್ ಕೂಡ ಇದೇ ಸ್ಟೋರೇಜ್ ಮೇಲಿದೆ.

ಹಳೇರ್‍ಯಾಕ್:

ವಿಜಿರಿಮೂವ್ ಬೇಡವೇ ಬೇಡ! 108ರ ವಿಷಯ ಹೇಳಿದ್ದು ಒಳ್ಳೆಯದಾಯಿತು.

ಕ್ಲೋನ್ ಮಾಡಿದಾಗ ಡಿಸ್ಕಿನ ಒಂದೊಂದು ಬಿಟ್ಟೂ ನಕಲಾಗುತ್ತದೆ. ಅಂದರೆ 105 ಮತ್ತು 108ರ ಡೇಟಾ ಡಿಸ್ಕ್‌ಗಳಿಗೆ ವಿಜಿ ಹೆಸರು ಒಂದೇ, ಪಿವಿ ಯುಯುಐಡಿಯೂ (ಗುರುತಿನ ಸಂಖ್ಯೆಯೂ) ಒಂದೇ. ಹೋಸ್ಟ್‌ನ ಎಲ್‌ವಿಎಂಗೆ ಇವೆರಡೂ ಒಂದೇ ಪಿವಿಯ ಡೂಪ್ಲಿಕೇಟ್. ಎರಡರಲ್ಲಿ ಒಂದನ್ನು ಆರಿಸಿಕೊಂಡು ಕೆಲಸ ನಡೆಸುತ್ತದೆ. ಯಾವುದನ್ನು ಆರಿಸಿತು ಅನ್ನುವುದರ ಮೇಲೆ ನಿಮ್ಮ ಡೇಟಾಬೇಸ್ ಇಡಬೇಡಿ. ವಿಜಿರಿಮೂವ್ ಡಿಸ್ಕಿನ ಮೇಲೆಯೇ ಮೆಟಾಡೇಟಾ ಬರೆಯುವ ಕಮಾಂಡ್. ಡೂಪ್ಲಿಕೇಟ್ ಕಂಡಾಗ ಎಲ್‌ವಿಎಂ ತಾನೇ ಬದಲಾವಣೆಗೆ ಒಪ್ಪದೆ ತಡೆಯುವುದುಂಟು ನಿಜ. ಆದರೆ ಅದನ್ನು ನಂಬಿ ಕೈ ಹಾಕುವ ಕೆಲಸ ಇದಲ್ಲ.

ನಮಗೆ ಬೇಕಿರುವುದು ಮೇಲೆ ಕೂತಿರುವುದನ್ನು ಕೆಳಗಿಳಿಸುವುದು ಮಾತ್ರ. ಡಿಸ್ಕಿನ ಮೇಲೆ ಒಂದಕ್ಷರವೂ ಬರೆಯದೆ ಅದು ಆಗುತ್ತದೆ. ಸಾಮಾನ್ಯವಾಗಿ ವಿಜಿಚೇಂಜ್ -ಎಎನ್ ಆ್ಯಪ್‌ವಿಜಿ ಅಂದರೆ ಸಾಕು. ನಿಮ್ಮಲ್ಲಿ ಅವಳಿ ಇರುವುದರಿಂದ ಹೆಸರಿನ ಬದಲು ನಿರ್ದಿಷ್ಟ ಮ್ಯಾಪಿಂಗ್ ಹಿಡಿದು ಹೋಗೋಣ. ಟ್ರೀ ಸ್ಪಷ್ಟವಾಗಿ ಹೇಳುತ್ತಿದೆ: 253:9 ಕೂತಿರುವುದು 105ರ ಡಿಸ್ಕಿನ ಮೇಲೆ, 108ರ ಮೇಲಲ್ಲ. ಕಮಾಂಡ್ ಕೊಡುವ ಮುಂಚೆ ಇದನ್ನು ಇನ್ನೊಮ್ಮೆ ನೋಡಿ, ಹಳೇ ಔಟ್‌ಪುಟ್ ನಂಬಬೇಡಿ. 253:7ಕ್ಕೆ ಕರ್ನಲ್‌ನಲ್ಲಿ ಡಿಎಂ-7, 253:9ಕ್ಕೆ ಡಿಎಂ-9 ಅಂತ ಹೆಸರು.

ಎಲ್‌ಎಸ್ /ಸಿಸ್/ಬ್ಲಾಕ್/ಡಿಎಂ-7/ಹೋಲ್ಡರ್ಸ್

ಇದರಲ್ಲಿ ಡಿಎಂ-9 ಒಂದೇ ಬರಬೇಕು. ಬಂದರೆ:

ಡಿಎಂಸೆಟಪ್ ರಿಮೂವ್ ಆ್ಯಪ್‌ವಿಜಿ-ಪಿಜಿಡೇಟಾ
ಪಿವಿಇಎಸ್‌ಎಂ ಫ್ರೀ ಸ್ಟೋರ್:ವಿಎಂ-105-ಡಿಸ್ಕ್-1

ಎರಡನೆಯದು ಡಿಸ್ಕ್ ಅಳಿಸುವ ಪ್ರಾಕ್ಸ್‌ಮಾಕ್ಸ್ ಕಮಾಂಡ್. ಮೊದಲನೆಯದನ್ನು --ಫೋರ್ಸ್ ಇಲ್ಲದೆ ಕೊಡಿ. ಆ ಮ್ಯಾಪಿಂಗನ್ನು ಯಾರಾದರೂ ಬಳಸುತ್ತಿದ್ದರೆ ಕಮಾಂಡ್ ಒಪ್ಪುವುದಿಲ್ಲ. ನಮಗೆ ಬೇಕಾದ ಕಾವಲು ಅದೇ.

ಇಷ್ಟಾದ ಮೇಲೆ ಮೂಲಕ್ಕೆ ಬನ್ನಿ. ಎಲ್‌ವಿಎಂ.ಕಾನ್ಫ್‌ನಲ್ಲಿ ಸ್ಕ್ಯಾನ್_ಎಲ್‌ವಿಎಸ್ = 0 ಮಾಡಿ. ಎಲ್‌ವಿಎಂ 2.03 ಸರಣಿಯಲ್ಲಿ ಡೀಫಾಲ್ಟ್ ಇದೇ, ಯಾರೋ ಬೇಕಂತಲೇ ಬದಲಿಸಿದ್ದಾರೆ. ಬದಲಿಸಿದ ಮೇಲೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು ಓಡಿಸಿ. ಬೂಟ್‌ನ ಮೊದಲ ಹಂತದಲ್ಲಿ ಲೋಡ್ ಆಗುವ ಇನಿಟ್‌ರಾಮ್‌ಎಫ್‌ಎಸ್ ಒಳಗೂ ಈ ಕಾನ್ಫಿಗ್‌ನ ಒಂದು ನಕಲು ಇರುತ್ತದೆ. ಅದನ್ನು ಮರೆತರೆ ಮುಂದಿನ ಬೂಟ್‌ನಲ್ಲಿ ಹಳೇ ರಾಗ. ಅದೇ ಫೈಲಿನ ಕೊನೆಯಲ್ಲಿ ಪ್ರಾಕ್ಸ್‌ಮಾಕ್ಸ್ ಸೇರಿಸಿರುವ ಗ್ಲೋಬಲ್_ಫಿಲ್ಟರ್ ಸಾಲು (ಎಲ್‌ವಿಎಂ ಯಾವ ಡಿವೈಸ್‌ಗಳನ್ನು ನೋಡಬಾರದು ಅನ್ನುವುದು) ಇದೆಯಾ ಅಂತಲೂ ನೋಡಿ. ಯಾರಾದರೂ ತಿದ್ದಿದ್ದರೆ ವಾಪಸ್ ತನ್ನಿ.

ಇದು ಬರೀ ಅಳಿಸುವ ತಲೆನೋವಲ್ಲ ಅನ್ನುವುದಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ. ಷೇರ್ಡ್ ಎಲ್‌ವಿಎಂ ಮೇಲೆ ಲೈವ್ ಮೈಗ್ರೇಷನ್ (ಓಡುತ್ತಿರುವ ವಿಎಂ ಅನ್ನು ಬೇರೆ ಹೋಸ್ಟ್‌ಗೆ ಸಾಗಿಸುವುದು) ಮಾಡಿದರೆ ಹಳೇ ನೋಡ್‌ನಲ್ಲಿ "ಕಾಂಟ್ ಡಿಆ್ಯಕ್ಟಿವೇಟ್ ಎಲ್‌ವಿ" ಅಂತ ಬರುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಗೆಸ್ಟ್ ಒಳಗೆ ಎಲ್‌ವಿಎಕ್ಸ್‌ಟೆಂಡ್ ಮಾಡಿದರೆ ಹೋಸ್ಟ್‌ನಲ್ಲಿ ಆ್ಯಕ್ಟಿವ್ ಆಗಿರುವ ಮ್ಯಾಪಿಂಗ್‌ಗೆ ಅದು ಗೊತ್ತಾಗುವುದಿಲ್ಲ, ಹಳೇ ಅಳತೆಯಲ್ಲೇ ಇರುತ್ತದೆ. ಯಾರಾದರೂ "ಫೈಲ್ ರಿಕವರಿ"ಗೆ ಅಂತ ಓಡುತ್ತಿರುವ ವಿಎಂನ ಫೈಲ್‌ಸಿಸ್ಟಮನ್ನು ಹೋಸ್ಟ್‌ನಲ್ಲೂ ಮೌಂಟ್ ಮಾಡಿದರೆ ಕೇಳಲೇಬೇಡಿ. ಎರಡು ಕರ್ನಲ್ ಒಂದೇ ಎಕ್ಸ್‌ಟಿ4 ಮೇಲೆ ಬರೆದರೆ ಉಳಿಯುವುದು ಚೂರುಗಳು.

ಜೆಡ್‌ಪೂಲ್‌ಪ್ರೇಮಿ:

ಮೇಲಿನದು ಪೂರ್ತಿ ಸರಿ. ಎಲ್‌ವಿಎಂ ಬದಲು ಜೆಡ್‌ಎಫ್‌ಎಸ್ ಸ್ಟೋರೇಜ್ ಬಳಸುವವರಿಗೆ ಒಂದು ಮಾತು. ನಮ್ಮಲ್ಲಿ ಪಾರ್ಟಿಷನ್ ಟೇಬಲ್ ಇದ್ದರೂ ಬಚಾವಾಗುವುದಿಲ್ಲ. ಜೆಡ್‌ವಾಲ್ (ವಿಎಂ ಡಿಸ್ಕಾಗಿ ಬಳಸುವ ಜೆಡ್‌ಎಫ್‌ಎಸ್ ವಾಲ್ಯೂಮ್) ಒಳಗಿನ ಪಾರ್ಟಿಷನ್‌ಗಳನ್ನು ಕರ್ನಲ್ ತಾನೇ ಓದಿ ಜೆಡ್‌ಡಿ0ಪಿ3 ಅಂತೆಲ್ಲ ಡಿವೈಸ್ ಮಾಡಿಬಿಡುತ್ತದೆ. ಜೆಡ್‌ಎಫ್‌ಎಸ್ ಡಿಸ್ಟ್ರಾಯ್ ಕೊಟ್ಟರೆ "ಡೇಟಾಸೆಟ್ ಈಸ್ ಬ್ಯುಸಿ" ಅಂತ ಒಂದೇ ಸಾಲು, ಎಲ್‌ವಿಎಂ ಥರ ಕಾರಣ ಹೇಳುವ ಸೌಜನ್ಯವೂ ಇಲ್ಲ.

ಎಲ್‌ವಿಎಂ ಅಲ್ಲ ಅಂತಾದರೆ /ಪ್ರಾಕ್/ಎಂಡಿಸ್ಟ್ಯಾಟ್ ನೋಡಿ. ಗೆಸ್ಟ್ ಒಳಗೆ ಸಾಫ್ಟ್‌ವೇರ್ ರೇಡ್ ಇದ್ದರೆ ಹೋಸ್ಟ್ ಅದನ್ನು ಎಂಡಿ127 ಅಂತ ಜೋಡಿಸಿಕೊಂಡು ಕೂತಿರಬಹುದು. ಎಂಡಿಎಡಿಎಂ --ಸ್ಟಾಪ್ ಕೊಟ್ಟರೆ ಬಿಡುತ್ತದೆ. ಸ್ನ್ಯಾಪ್‌ಶಾಟ್ ಅಳಿಸುವಾಗ ಬ್ಯುಸಿ ಅಂದರೆ ಜೆಡ್‌ಎಫ್‌ಎಸ್ ಹೋಲ್ಡ್ಸ್ ಕೊಟ್ಟು ನೋಡಿ, ಯಾವುದೋ ರೆಪ್ಲಿಕೇಷನ್ ಸ್ಕ್ರಿಪ್ಟ್ ಹೋಲ್ಡ್ ಹಾಕಿ ಬಿಟ್ಟಿರಬಹುದು. ಕಂಟೇನರ್‌ಗಳ ಡೇಟಾಸೆಟ್ ಆದರೆ ಬೇರೆ ಮೌಂಟ್ ನೇಮ್‌ಸ್ಪೇಸ್‌ನಲ್ಲಿ (ಪ್ರೋಸೆಸ್‌ಗಳ ಪ್ರತ್ಯೇಕ ಮೌಂಟ್ ಪಟ್ಟಿಯಲ್ಲಿ) ಇನ್ನೂ ಮೌಂಟ್ ಇರಬಹುದು. ಹೋಸ್ಟ್‌ನ ಮೌಂಟ್ ಪಟ್ಟಿಯಲ್ಲಿ ಕಾಣುವುದಿಲ್ಲ, /ಪ್ರಾಕ್/*/ಮೌಂಟ್ಸ್ ಎಲ್ಲದರಲ್ಲಿ ಗ್ರೆಪ್ ಮಾಡಿದರೆ ಯಾವ ಪಿಐಡಿ ಅಂತ ಸಿಕ್ಕಿಬೀಳುತ್ತದೆ.

ಬಿಟ್‌ಬೀರ:

ಫೋರ್ಸ್ ಬಗ್ಗೆ ಹೇಳಿದ್ದು ಒಪ್ಪಿದೆ ಹಳೇರ್‍ಯಾಕ್ ಅವರೇ. ಆದರೆ ಇದಕ್ಕೇ ನನಗೆ ಕ್ಯೂಕೌ2 (ಫೈಲ್ ರೂಪದ ವಿಎಂ ಡಿಸ್ಕ್) ಇಷ್ಟ. ಫೈಲ್ ತಾನೇ, ಆರ್‌ಎಂ ಅಂದರೆ ಮುಗೀತು, ಯಾವ ಎರರ್ರೂ ಇಲ್ಲ.

ಹಳೇರ್‍ಯಾಕ್:

ಎರರ್ ಬರಲ್ಲ, ಜಾಗವೂ ಬರಲ್ಲ! ಯಾವುದಾದರೂ ಪ್ರೋಸೆಸ್ ಆ ಫೈಲ್ ತೆರೆದಿಟ್ಟಿದ್ದರೆ ಹೆಸರು ಮಾತ್ರ ಹೋಗುತ್ತದೆ, ಬ್ಲಾಕ್‌ಗಳು ಅದು ಮುಚ್ಚುವವರೆಗೂ ಹಾಗೇ. ಎಲ್‌ಎಸ್‌ಒಎಫ್ +ಎಲ್1 ಕೊಟ್ಟರೆ ಇಂಥ ಹೆಸರಿಲ್ಲದ ಫೈಲ್‌ಗಳು ಕಾಣುತ್ತವೆ. ಎಷ್ಟು ಜಾಗ ಬಳಕೆಯಾಗಿದೆ ಅಂದರೆ ಡಿಎಫ್ ಒಂದು ಹೇಳುತ್ತದೆ, ಡಿಯು ಇನ್ನೊಂದು ಹೇಳುತ್ತದೆ ಅಂತ ಜನ ಒದ್ದಾಡುವುದು ಹೆಚ್ಚಾಗಿ ಇದಕ್ಕೇ. ನನ್ನ ಮಟ್ಟಿಗೆ, ಅಳಿಸಲ್ಲ ಅಂತ ಮುಖದ ಮೇಲೆ ಹೇಳುವ ಎಲ್‌ವಿಎಂ ವಾಸಿ.

ರೂಟ್‌ಪ್ರಾಂಪ್ಟ್:

ಆಯಿತು! ಹೋಲ್ಡರ್ಸ್‌ನಲ್ಲಿ ಡಿಎಂ-9 ಒಂದೇ ಇತ್ತು. ಡಿಎಂಸೆಟಪ್ ರಿಮೂವ್ ಸದ್ದಿಲ್ಲದೆ ಮುಗಿಯಿತು. ಪಿವಿಇಎಸ್‌ಎಂ ಫ್ರೀ ಕೊಟ್ಟ ತಕ್ಷಣ ಡಿಸ್ಕ್ ಪಟ್ಟಿಯಿಂದ ಹೋಯಿತು. 108 ಏನೂ ಆಗಿಲ್ಲ ಅನ್ನುವ ಹಾಗೆ ಓಡುತ್ತಿದೆ. ಸ್ಕ್ಯಾನ್_ಎಲ್‌ವಿಎಸ್ 0 ಮಾಡಿ ಇನಿಟ್‌ರಾಮ್‌ಎಫ್‌ಎಸ್ ಕಟ್ಟಿದೆ. ವಿಜಿಎಸ್‌ನಲ್ಲಿ ಈಗ ನಮ್ಮವು ಎರಡೇ.

ಒಂದು ಅನುಮಾನ ಉಳಿದಿದೆ. ಎಲ್‌ವಿಎಸ್‌ನಲ್ಲಿ "ಡೆಲ್-ವಿಎಂ-112-ಡಿಸ್ಕ್-0" ಅಂತ ಒಂದು ವಾಲ್ಯೂಮ್ ಕಾಣುತ್ತಿದೆ. ಇದೂ ಇಂಥದ್ದೇ ಕೇಸಾ?

ಹಳೇರ್‍ಯಾಕ್:

ಅಲ್ಲ. ಆ ಸ್ಟೋರೇಜ್‌ನಲ್ಲಿ "ವೈಪ್ ರಿಮೂವ್ಡ್ ವಾಲ್ಯೂಮ್ಸ್" ಆನ್ ಇರಬೇಕು. ಹಾಗಿದ್ದರೆ ಅಳಿಸುವಾಗ ಮೊದಲು ಹೆಸರಿಗೆ "ಡೆಲ್-" ಸೇರಿಸಿ, ಹಿನ್ನೆಲೆಯಲ್ಲಿ ಪೂರ್ತಿ ಸೊನ್ನೆ ಬರೆದು, ಆಮೇಲೆ ತೆಗೆಯುತ್ತದೆ. ದೊಡ್ಡ ಡಿಸ್ಕಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಟಾಸ್ಕ್ ಪಟ್ಟಿಯಲ್ಲಿ ಅಳಿಸುವ ಟಾಸ್ಕ್ ಓಡುತ್ತಿದ್ದರೆ ಮುಟ್ಟಬೇಡಿ. ಟಾಸ್ಕ್ ಇಲ್ಲ, ಎಲ್‌ವಿಎಸ್ ಆಟ್ರಿಬ್ಯೂಟ್‌ನ ಆರನೇ ಅಕ್ಷರ "ಓ" ಕೂಡ ಇಲ್ಲ ಅಂದರೆ ಮಧ್ಯದಲ್ಲಿ ಯಾರೋ ನಿಲ್ಲಿಸಿದ್ದಾರೆ ಅಂತ ಅರ್ಥ. ಆಗ ಕೈಯಾರೆ ಎಲ್‌ವಿರಿಮೂವ್ ಕೊಡಬಹುದು, ಅಳಿಸಬೇಕಾದ ಡೇಟಾ ಪೂರ್ತಿ ಸೊನ್ನೆ ಆಗಿಲ್ಲ ಅನ್ನುವುದು ನೆನಪಿರಲಿ.

ರೂಟ್‌ಪ್ರಾಂಪ್ಟ್:

ಟಾಸ್ಕ್ ಓಡುತ್ತಿದೆ ಸರ್, ಅರ್ಧ ದಾಟಿದೆ. ಬಿಟ್ಟಿದ್ದೇನೆ. ತುಂಬಾ ಥ್ಯಾಂಕ್ಸ್.